ಕೊಳಗದ ಕೆಳಗೆ ಏನಂತ ಬರೆಯೋಣ?

ಹೊಳೆಯಾಚೆ (ಸಾಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಊರಿನ ಹಳೇ ಮನೆ ಬಿಚ್ಚಿಸುತ್ತಿದ್ದೇವೆ. ಹಂಚು ಇಳಿಸುವ ಮೊದಲು ಸಾಮಾನು ಹೊರಗೆ ಹಾಕುವಾಗ ಭತ್ತ ತುಂಬಿಡುವ ಪಣತದ ಹಿಂದೆ ಗೋಣಿಯಲ್ಲಿ ಸುತ್ತಿಟ್ಟ ಒಂದು ಕೊಳಗ ಸಿಕ್ಕಿತು. ಹಲಸಿನ ಮರದ್ದು, ಒಂದೇ ತುಂಡನ್ನು ಕೊರೆದು ಮಾಡಿದ್ದು. ಬಾಯಿಗೊಂದು ಬುಡಕ್ಕೊಂದು ಕಬ್ಬಿಣದ ಪಟ್ಟಿ. ಬಾಯಿಯ ಒಂದು ಬದಿ ಕೈ ಹಿಡಿದು ಹಿಡಿದು ನುಣ್ಣಗಾಗಿದೆ. ಅಲ್ಲಿ ಬೆರಳಿಟ್ಟರೆ ನಾಲ್ಕು ಬೆರಳೂ ತಾವಾಗಿಯೇ ಜಾಗ ಹುಡುಕಿಕೊಳ್ಳುತ್ತವೆ.

ನಮ್ಮ ಕಡೆಯ ಒಂದು ಸಣ್ಣ ಸಂಗ್ರಹಾಲಯದವರು ಇದನ್ನು ಕೇಳಿದ್ದಾರೆ. ಕೊಡುವುದಕ್ಕೆ ಅಪ್ಪಯ್ಯನೂ ಒಪ್ಪಿದ್ದಾರೆ. ಅವರು ಒಂದು ನಮೂನೆ ಕೊಟ್ಟರು. ವಸ್ತುವಿನ ಹೆಸರು, ಕಾಲ, ಯಾವುದರಿಂದ ಮಾಡಿದ್ದು, ಎತ್ತರ, ಅಗಲ, ಕೊಟ್ಟವರು. ಕೊನೆಯಲ್ಲಿ 'ವಿವರ' ಅಂತ ಒಂದು ಗೆರೆ. ಉಳಿದದ್ದೆಲ್ಲ ತುಂಬಿಸಿದೆ, ಆ ಗೆರೆಗೆ ಬಂದು ನಿಂತಿದ್ದೇನೆ.

ಅಜ್ಜಿಗೆ ಈಗ 91. ಕೊಳಗ ತಂದು ಮುಂದೆ ಇಟ್ಟೆ. ಸೆರಗಿನಲ್ಲಿ ಧೂಳು ಒರೆಸಿ, ಎರಡು ಸಲ ತಿರುಗಿಸಿ ನೋಡಿ, "ಇದು ಒಳಗೆ ಬರೋ ಕೊಳಗ" ಅಂದಳು. ಹಂಗಂದ್ರೆ ಎಂತ ಅಜ್ಜಿ ಅಂತ ಕೇಳಿದೆ. "ಹೊರಗೆ ಹೋಗೋದು ಬೇರೆ ಇತ್ತು" ಅಂದು ಸುಮ್ಮನಾದಳು. ಅಪ್ಪಯ್ಯನನ್ನು ಕೇಳಿದರೆ, "ಧಾನ್ಯ ಅಳೆಯುವ ಪಾತ್ರೆ ಅಂತ ಬರಿ, ಅಷ್ಟು ಸಾಕು" ಅಂದರು.

ಅಷ್ಟೇ ಬರೆದರೆ ನೋಡಲು ಬಂದ ಮಕ್ಕಳು ಒಂದು ಕ್ಷಣ ನಿಂತು ಮುಂದೆ ಹೋಗುತ್ತಾರೆ, ನಾನೂ ಹಾಗೆ ಎಷ್ಟೋ ವಸ್ತುಗಳ ಮುಂದಿನಿಂದ ಹೋಗಿದ್ದೇನೆ. ಅಜ್ಜಿ ಹೇಳಿದ್ದರ ಅರ್ಥ ಯಾರಿಗಾದರೂ ಗೊತ್ತಿದೆಯೇ? ನಿಮ್ಮ ಮನೆಯ ವಸ್ತು ಯಾವುದಾದರೂ ಸಂಗ್ರಹಾಲಯ ಸೇರಿದ್ದರೆ ಅದರ ಕೆಳಗೆ ಏನು ಬರೆಸಿದಿರಿ?

ಬೆಳಗಿನ ಬಸ್ಸು (ಶಿವಮೊಗ್ಗ)

ಬರೆಯುವುದಕ್ಕಿಂತ ಮೊದಲು ಒಂದು ಮಾತು. ದಯವಿಟ್ಟು ಅದನ್ನು ತೊಳೆಯಬೇಡಿ. ಮರಕ್ಕೆ ವಾರ್ನಿಷ್ ಬೇಡ, ಪಟ್ಟಿಯ ತುಕ್ಕನ್ನು ಮರಳುಕಾಗದ ಹಾಕಿ ಉಜ್ಜುವುದು ಬೇಡ. ಒಣ ಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವ ಕಡೆ ನೆರಳಲ್ಲಿಡಿ. ನಮ್ಮ ಮನೆಯಲ್ಲಿ ಚಿಕ್ಕಮ್ಮ ಹಳೇ ಹಿತ್ತಾಳೆ ಸೇರನ್ನು ಹುಣಸೆಹಣ್ಣು ಹಾಕಿ ಫಳಫಳ ಹೊಳೆಯುವ ಹಾಗೆ ಮಾಡಿದಳು. ಬದಿಯಲ್ಲಿದ್ದ ಸರ್ಕಾರದ ಮುದ್ರೆ ಮೊದಲೇ ಸವೆದಿತ್ತು, ಆಮೇಲೆ ಪೂರ್ತಿ ಅಳಿಸಿಹೋಯಿತು. ಆ ಸೇರಿಗಿದ್ದ ಸಾಕ್ಷಿ ಅದೊಂದೇ ಆಗಿತ್ತು.

ನಗರದವ (ಹೊಸನಗರ ತಾಲ್ಲೂಕು)

ಹೆಸರು ತಪ್ಪಾಗಿ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮೂರಿನದ್ದೇ ಉದಾಹರಣೆ ಇದೆ ಮಾರಾಯ್ರೆ.

ನಮ್ಮ ನಗರ ಅಂದರೆ ಹಿಂದಿನ ಬಿದನೂರು. ಕೆಳದಿ ಅರಸರ ಕೊನೆಯ ರಾಜಧಾನಿ. 1763ರಲ್ಲಿ ಹೈದರಾಲಿ ಹಿಡಿದ ಮೇಲೆ ಹೈದರನಗರ ಆಯಿತು. ಈಗ ಬರೀ ನಗರ. ಇಲ್ಲಿ 2002ರಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು, ಸುಮಾರು 160. ಅವನ್ನು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಫಿರಂಗಿಯ ಗುಂಡಿನ ಹಾಗೆ ಎಂಥದೋ ಶೆಲ್ ಇರಬೇಕು ಅನ್ನುವ ಎಣಿಕೆ ಇತ್ತು. ಹತ್ತು ವರ್ಷ ದಾಟಿದ ಮೇಲೆ ಪರೀಕ್ಷೆ ಮಾಡಿಸಿದಾಗ ಒಳಗೆ ಮದ್ದಿನ ಪುಡಿ. ಅವು ಟಿಪ್ಪು ಕಾಲದ ಯುದ್ಧದ ರಾಕೆಟ್ಟುಗಳು! ಲೋಕದಲ್ಲಿ ಅಂಥವು ಉಳಿದಿರುವುದೇ ಬೆರಳೆಣಿಕೆಯಷ್ಟು ಅಂತ ಅಲ್ಲಿಯವರೆಗೆ ತಿಳಿದವರ ಮಾತಾಗಿತ್ತು. ಲಂಡನ್ನಿನ ವುಲಿಚ್‌ನ ಫಿರಂಗಿ ಸಂಗ್ರಹಾಲಯದಲ್ಲಿದ್ದ ಎರಡರ ಮಾತೇ ಎಲ್ಲ ಕಡೆ ಬರುತ್ತಿತ್ತು. ನಮ್ಮ ಜಿಲ್ಲೆಯಲ್ಲಿ 160 ಇದ್ದವು, ಹೆಸರಿಲ್ಲದೆ.

ಆಮೇಲೆ 2018ರ ಜುಲೈ. ಇಲ್ಲಿನ ಒಂದು ಹಾಳು ಬಾವಿಯ ಕೆಸರಿಗೆ ಮದ್ದಿನ ವಾಸನೆ ಹೊಡೆಯುತ್ತಿತ್ತು. ಪುರಾತತ್ವ ಇಲಾಖೆಯವರು ಮೂರು ದಿನ ಅಗೆದರು. 1,000ಕ್ಕೂ ಹೆಚ್ಚು ರಾಕೆಟ್ಟು ಮೇಲೆ ಬಂದವು. ಒಂದೊಂದೂ ಒಂದು ಗೇಣಿನಷ್ಟು, 23ರಿಂದ 26 ಸೆಂಟಿಮೀಟರ್.

ಕೈಯಲ್ಲಿ ಹಿಡಿಯುವಷ್ಟು ಸಣ್ಣ ಕೊಳವೆ. ಅದರ ದೊಡ್ಡತನ ಇರುವುದು ಕಬ್ಬಿಣದಲ್ಲಿ. ಬಿದಿರಿನ ಅಥವಾ ಕಾಗದದ ಕೊಳವೆಯಲ್ಲಿ ಮದ್ದು ಜಾಸ್ತಿ ಒತ್ತಿದರೆ ಕೊಳವೆಯೇ ಒಡೆದುಹೋಗುತ್ತದೆ. ಕಬ್ಬಿಣ ತಡೆಯುತ್ತದೆ, ಅದಕ್ಕೇ ಅದು ದೂರ ಹಾರುತ್ತಿತ್ತು. ಉದ್ದದ ಬಿದಿರು ಗಳಕ್ಕೋ ಕತ್ತಿಯ ಅಲಗಿಗೋ ಕಟ್ಟಿ ಬಿಡುತ್ತಿದ್ದರು. 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಪಡೆ ಸೋತಾಗ ಇವುಗಳದ್ದೂ ಪಾಲಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇವು ಇಂಗ್ಲೆಂಡಿಗೆ ಹೋದವು. ಇವನ್ನೇ ನೋಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟು ಮಾಡಿದ.

ಇಷ್ಟೆಲ್ಲ ಕಥೆ ಆ ತುಕ್ಕಿನ ಕೊಳವೆಯಲ್ಲಿ ಮೊದಲಿನಿಂದಲೂ ಇತ್ತು. 'ಹಳೇ ಶೆಲ್' ಅನ್ನುವ ಹೆಸರಿನ ಕೆಳಗೆ ಮುಚ್ಚಿಹೋಗಿತ್ತು. ನಿಮ್ಮ ಅಪ್ಪಯ್ಯ ಹೇಳಿದ 'ಅಳೆಯುವ ಪಾತ್ರೆ' ಅನ್ನುವುದೂ ಅದೇ ಜಾತಿಯ ಮಾತು ಅಂತ ನನಗೆ ಅನಿಸುತ್ತದೆ. ಸುಳ್ಳಲ್ಲ, ಆದರೆ ಮುಚ್ಚಳ.

ಗದ್ದೆಯಂಚು (ಸಾಗರ)

ನಿಮ್ಮ ಅಜ್ಜಿ ಹೇಳಿದ್ದು ನನಗೆ ಅರ್ಥ ಆಯಿತು. ಓದಿ ಎದೆ ಝಲ್ ಅಂದಿತು.

ಒಳಗೆ ಬರೋ ಕೊಳಗ ಅಂದರೆ ಗೇಣಿ ಭತ್ತ, ಗದ್ದೆ ಮಾಡಿದ್ದಕ್ಕೆ ಒಕ್ಕಲು ಕೊಡಬೇಕಾದ ಭತ್ತ, ಒಡೆಯರ ಮನೆಯೊಳಗೆ ಬರುವಾಗ ಅಳೆಯುವುದು. ಹೊರಗೆ ಹೋಗೋ ಕೊಳಗ ಅಂದರೆ ಆಳಿಗೆ ಕೂಲಿ ಕೊಡುವಾಗ, ಮಳೆಗಾಲದಲ್ಲಿ ಒಕ್ಕಲಿಗೆ ಸಾಲದ ಭತ್ತ ಕೊಡುವಾಗ ಅಳೆಯುವುದು. ಎರಡಕ್ಕೂ ಹೆಸರು ಕೊಳಗವೇ. ಎರಡೂ ಒಂದೇ ಅಲ್ಲ. ಬರುವುದು ದೊಡ್ಡದು, ಹೋಗುವುದು ಸಣ್ಣದು.

ನಮ್ಮದು ಗೇಣಿ ಮಾಡಿದ ಮನೆ. ದೀವರು ನಾವು. ಸುಗ್ಗಿ ಮುಗಿಯುವ ದಿನ ಕಣದಲ್ಲಿ ಅಜ್ಜ ರಾಶಿಪೂಜೆ ಮಾಡಿ ಪಕ್ಕಕ್ಕೆ ನಿಲ್ಲುತ್ತಿದ್ದನಂತೆ. ಕೊಳಗ ಹಿಡಿಯುವವನು ಒಡೆಯರ ಕಡೆಯವ. ಒಂದು ಅನ್ನುವಂತಿಲ್ಲ, ಮೊದಲ ಕೊಳಗಕ್ಕೆ 'ಲಾಭ' ಅನ್ನಬೇಕು. ಲಾಭ, ಎರಡು, ಮೂರು. ಯಾರ ಲಾಭ ಅಂತ ಅಜ್ಜ ಮನೆಗೆ ಬಂದು ಕೇಳುತ್ತಿದ್ದನಂತೆ. ಕಣದಲ್ಲಿ ಕೇಳುವಂತಿರಲಿಲ್ಲ.

1951ರ ಏಪ್ರಿಲ್‌ನಲ್ಲಿ ಕಾಗೋಡಿನಲ್ಲಿ ಸತ್ಯಾಗ್ರಹ ಶುರುವಾಯಿತಲ್ಲ, ಅದಕ್ಕೆ ಒಂದು ಕಾರಣ ಈ ಕೊಳಗ. ಸರ್ಕಾರ ಹೇಳಿದ ಅಳತೆಯ ಕೊಳಗದಲ್ಲೇ ಗೇಣಿ ಅಳೆಯಿರಿ ಅಂತ ರೈತರು ಕೇಳಿದರು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ, ಆಮೇಲೆ ಸಮಾಜವಾದಿಗಳು, ಶಾಂತವೇರಿ ಗೋಪಾಲಗೌಡರು. ಜೂನ್‌ನಲ್ಲಿ ಲೋಹಿಯಾ ಅವರೇ ಬಂದು ಇಲ್ಲಿ ಬಂಧನಕ್ಕೊಳಗಾದರು. ಮರು ವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಇದೇ ಸೀಮೆಯಿಂದ ಗೆದ್ದು ವಿಧಾನಸಭೆಗೆ ಹೋದರು. ಉಳುವವನೇ ಹೊಲದೊಡೆಯ ಅಂತ ಕಾನೂನು ಗಟ್ಟಿಯಾಗಲು 1974 ಬರಬೇಕಾಯಿತು.

ಪುಸ್ತಕದಲ್ಲಿ ಇದೆಲ್ಲ ಇದೆ. ಆದರೆ ಆ ಕೊಳಗವನ್ನೇ ಒಂದು ಕಡೆ ಇಟ್ಟು, ನೋಡಿ, ಇದು, ಅಂತ ತೋರಿಸಿದ್ದನ್ನು ನಾನು ನೋಡಿಲ್ಲ. ನಿಮ್ಮ ಹತ್ತಿರ ಇರುವುದು ಅದು.

ಹೊಳೆಯಾಚೆ

ಗದ್ದೆಯಂಚು ಅವರೇ, ನಿಮ್ಮ ಮಾತು ಓದಿ ಎರಡು ದಿನ ಏನೂ ಬರೆಯಲು ಆಗಲಿಲ್ಲ. ನಮ್ಮ ಮನೆಗೆ ಗೇಣಿ ಬರುತ್ತಿತ್ತು ಅಂತ ಗೊತ್ತಿತ್ತು. 1974ರ ನಂತರ ಗದ್ದೆ ಹೋಯಿತು ಅನ್ನುವ ಮಾತನ್ನು ಚಿಕ್ಕಂದಿನಿಂದ ಕೇಳಿ ಬೆಳೆದವನು ನಾನು. 'ಹೋಯಿತು' ಅನ್ನುವ ಶಬ್ದವನ್ನೇ ಯಾವಾಗಲೂ ಕೇಳಿದ್ದು. ಯಾರಿಗೆ ಬಂತು, ಯಾಕೆ ಬಂತು ಅನ್ನುವುದನ್ನು ನಮ್ಮ ಜಗಲಿಯಲ್ಲಿ ಯಾರೂ ಹೇಳಿರಲಿಲ್ಲ.

ಅಜ್ಜಿಗೆ ನಿಮ್ಮ ಬರಹ ಓದಿ ಹೇಳಿದೆ. ಕೇಳಿಸಿಕೊಂಡು, "ಹೌದು, ಅದೇ" ಅಂದಳು.

ಹಳೇ ಮನೆ (ತೀರ್ಥಹಳ್ಳಿ)

ನಾನು ಬೇರೆ ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ನಮ್ಮದೂ ಗೇಣಿ ಪಡೆದ ಮನೆ. ಬರಗಾಲದಲ್ಲಿ ಪಣತ ತೆರೆದು ಊರಿಗೆ ಭತ್ತ ಕೊಟ್ಟವರು ನಮ್ಮ ಮುತ್ತಜ್ಜ. ಅದನ್ನು ನೆನೆಸುವವರು ಈಗಲೂ ಇದ್ದಾರೆ. ಎಲ್ಲ ಒಡೆಯರೂ ಎರಡು ಕೊಳಗ ಇಟ್ಟಿದ್ದರು ಅನ್ನುವ ಹಾಗೆ ಆಗಬಾರದು.

ಇನ್ನೊಂದು, ಮರದ ಪಾತ್ರೆ ನೂರು ವರ್ಷದಲ್ಲಿ ಒಳಗಿನಿಂದ ಸವೆಯುತ್ತದೆ. ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಇವತ್ತು ಅಳೆದು ಹೆಚ್ಚು ಬಂದರೆ ಅದು ಮೋಸಕ್ಕೆ ಸಾಕ್ಷಿ ಅಂತ ಹೇಳಲು ಬರುವುದಿಲ್ಲ. ಸಂಗ್ರಹಾಲಯದಲ್ಲಿ ಮನೆತನದ ಹೆಸರಿನ ಪಕ್ಕ ಅಂಥ ಮಾತು ಬರೆದರೆ ಅದು ಅಲ್ಲೇ ಉಳಿದುಬಿಡುತ್ತದೆ, ಉತ್ತರ ಹೇಳುವವರು ಯಾರೂ ಇರುವುದಿಲ್ಲ. ವಸ್ತು ಕೊಡಿ, ಅಳತೆ ಬರೆಯಿರಿ. ತೀರ್ಪು ನೋಡುವವರಿಗೆ ಬಿಡಿ.

ಗದ್ದೆಯಂಚು

ನಿಮ್ಮ ಮುತ್ತಜ್ಜ ಕೊಟ್ಟಿದ್ದು ನಿಜ ಇರಬಹುದು. ಅದನ್ನೂ ಬರೆಯಲಿ. ಅಳತೆ ಬರೆಯಿರಿ ಅಂದಿರಲ್ಲ, ನಾನೂ ಅದನ್ನೇ ಹೇಳುತ್ತೇನೆ. ಎಷ್ಟು ಸೇರು ಹಿಡಿಯುತ್ತದೆ ಅಂತ ಬರೆಯಿರಿ. ಎತ್ತರ ಅಗಲ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಕಲ್ಲು ಓದುವವಳು (ಶಿಕಾರಿಪುರ)

ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಪ್ರತಿ ವರ್ಷ ಮಕ್ಕಳನ್ನು ಬಳ್ಳಿಗಾವಿಗೆ, ತಾಳಗುಂದಕ್ಕೆ ಕರೆದುಕೊಂಡು ಹೋಗುತ್ತೇನೆ. ಈ ಚರ್ಚೆಯಲ್ಲಿ ನನ್ನ ಅನುಭವದ ಎರಡು ಮಾತು ಸೇರಿಸಬೇಕು ಅನಿಸಿತು.

ನಮ್ಮ ತಾಲ್ಲೂಕಿನಲ್ಲಿ ವೀರಗಲ್ಲಿಲ್ಲದ ಊರು ಹುಡುಕುವುದು ಕಷ್ಟ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುತ್ತಿರುವುದು, ಮೇಲೆ ಕೈಲಾಸ. ಮಕ್ಕಳಿಗೆ ನಾನು ಯಾವಾಗಲೂ ಕೆಳಗಿನಿಂದ ಓದಿಸುತ್ತೇನೆ, ಯಾಕೆಂದರೆ ಕಥೆ ಅಲ್ಲಿಂದಲೇ ಶುರು. ಬಹಳ ಕಡೆ ಕೆಳಗೆ ದನಗಳ ಹಿಂಡು ಇರುತ್ತದೆ. ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಹೊಡೆದಾಡಿ ಸತ್ತವನ ಕಲ್ಲು ಅದು. ರಾಜನಿಗಾಗಿ ಸತ್ತವನಲ್ಲ, ಊರಿನ ಹಸುವಿಗಾಗಿ ಸತ್ತವನು. ಪಕ್ಕದಲ್ಲಿ ಎತ್ತಿದ ತೋಳು, ಬಳೆ ಕಾಣುವ ಕಲ್ಲಿದ್ದರೆ ಅದು ಮಾಸ್ತಿಕಲ್ಲು. ಅವನ ಹೆಂಡತಿಯದ್ದು. ಅದರ ಮುಂದೆ ನಿಂತಾಗ ಹೆಣ್ಣುಮಕ್ಕಳು ಪ್ರಶ್ನೆ ಕೇಳುತ್ತಾರೆ. ಕೇಳಬೇಕು ಕೂಡ. ಆ ಕಲ್ಲನ್ನು ಬರೀ 'ತ್ಯಾಗದ ಸಂಕೇತ' ಅಂತ ಹೇಳಿ ದಾಟಿಸಲು ನನಗೆ ಮನಸ್ಸು ಬರುವುದಿಲ್ಲ.

ಶಿವಮೊಗ್ಗದ ಅರಮನೆಯ ಅಂಗಳದಲ್ಲಿ ಇಂಥ ಕಲ್ಲುಗಳು ಸಾಲಾಗಿವೆ. ಅಲ್ಲಿ ತಂದು ಇಟ್ಟಿದ್ದರಿಂದಲೇ ಎಷ್ಟೋ ಉಳಿದವು. ಇಲ್ಲದಿದ್ದರೆ ಬಟ್ಟೆ ಒಗೆಯುವ ಕಲ್ಲೋ, ಕಾಲುವೆ ದಾಟುವ ಹಾಸೋ ಆಗುತ್ತಿದ್ದವು. ಆದರೆ ಊರಿನಲ್ಲಿದ್ದಾಗ ಆ ಕಲ್ಲಿಗೆ ದೀಪಾವಳಿಗೆ ಎಣ್ಣೆ ಹಚ್ಚುವವರಿದ್ದರು, ಅವನು ಯಾರ ದನಕ್ಕಾಗಿ ಸತ್ತ ಅಂತ ಹೇಳುವವರಿದ್ದರು. ಕಲ್ಲು ಬಂತು, ಹೇಳುವವರು ಊರಲ್ಲೇ ಉಳಿದರು. ಹಲ್ಮಿಡಿಯಲ್ಲಿ ಮಾಡಿದ್ದು ನನಗೆ ಇಷ್ಟ. ಮೂಲ ಶಾಸನ ಮೈಸೂರಿನಲ್ಲಿ ಜೋಪಾನವಾಗಿದೆ, ಊರಿನಲ್ಲಿ ಅದರ ಪ್ರತಿಕೃತಿ ನಿಲ್ಲಿಸಿದ್ದಾರೆ. ಊರಿನವರಿಗೆ ತೋರಿಸಿ ಮಾತಾಡಲು ಒಂದು ಕಲ್ಲಾದರೂ ಇದೆ.

ಇನ್ನೊಂದು ಕಲ್ಲಿನ ವಿಷಯ ಹೇಳಲೇಬೇಕು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದರೆ ಆತಕೂರಿನ ಕಲ್ಲು ನೋಡಿ. ಮಂಡ್ಯದ ಕಡೆಯದು, 949-50ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ. ಗೆದ್ದ ಕಡೆಯಲ್ಲಿ ಮಣಲೆರ ಅನ್ನುವ ವೀರ. ಮೆಚ್ಚಿದೆ, ಏನು ಬೇಕು ಕೇಳು ಅಂತ ಅವನ ಒಡೆಯ ಅಂದಾಗ ಮಣಲೆರ ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು! ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ಅದಕ್ಕೊಂದು ಕಲ್ಲು ನೆಡಿಸಿ, ಭೂಮಿ ಬಿಟ್ಟರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿ ಈಗಲೂ ಕಚ್ಚಾಡುತ್ತಿವೆ. ಶಾಸನದಲ್ಲಿ ಒಂದು ಕಟ್ಟಳೆ ಇದೆ, ಅಲ್ಲಿನ ಗೊರವ, ಅಂದರೆ ಶಿವನ ಪೂಜಾರಿ, ಈ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಟ್ಟುತ್ತದೆ ಅಂತ. ಸಾವಿರ ವರ್ಷದ ಹಿಂದಿನವರಿಗೆ ಗೊತ್ತಿತ್ತು, ಕಲ್ಲು ನೆಟ್ಟರೆ ಮುಗಿಯಲಿಲ್ಲ, ದಿನವೂ ಅದನ್ನು ನೆನೆಯುವ ಒಬ್ಬ ಮನುಷ್ಯ ಬೇಕು ಅಂತ. ಅದಕ್ಕೇ ಅವನ ಊಟಕ್ಕೇ ಕಟ್ಟಿಹಾಕಿದರು.

ಒಂದು ನಾಯಿಗೆ ಅಷ್ಟು ಸಾಲು ಬರೆದ ನಾಡು ಇದು. ನಿಮ್ಮ ಕೊಳಗಕ್ಕೆ ಒಂದು ಗೆರೆ ಸಾಕೇ? ನಮೂನೆಯಲ್ಲಿ ಜಾಗ ಇಲ್ಲದಿದ್ದರೆ ಬೇರೆ ಹಾಳೆಯಲ್ಲಿ ಬರೆದು ಅಂಟಿಸಿ. ಯಾರೂ ಬೇಡ ಅನ್ನುವುದಿಲ್ಲ.

ಹಿನ್ನೀರು (ಶಿವಮೊಗ್ಗ)

ನಮ್ಮ ಊರು ಈಗ ಲಿಂಗನಮಕ್ಕಿಯ ನೀರಿನಡಿ ಇದೆ. 1964ರಲ್ಲಿ ಅಣೆಕಟ್ಟು ಮುಗಿಯಿತು. ಎತ್ತಿನ ಗಾಡಿಯಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟು ತಂದವರು ನಾವು. ಅಜ್ಜ ಹೆಬ್ಬಾಗಿಲನ್ನು ದಾರಂದದ ಸಮೇತ ಬಿಚ್ಚಿ ತಂದಿದ್ದ. ಹೊಸ ಜಾಗದಲ್ಲಿ ಅದಕ್ಕೆ ಸರಿಹೋಗುವ ಗೋಡೆಯೇ ಇರಲಿಲ್ಲ. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಒರಗಿ ನಿಂತಿತ್ತು. ಅಪ್ಪನ ಕಾಲದಲ್ಲಿ ಹಳೇ ಮರ ಕೊಳ್ಳುವವರು ಬಂದರು, ಕೊಟ್ಟುಬಿಟ್ಟೆವು. ಹೋದ ವರ್ಷ ಒಂದು ತಂಗುಮನೆಯಲ್ಲಿ ಹಾಗೇ ಇರುವ ಬಾಗಿಲು ನೋಡಿದೆ. ಮೇಲಿನ ಅಡ್ಡಪಟ್ಟಿಯಲ್ಲಿ ಗಂಡಭೇರುಂಡ, ಎಡಬದಿಯಲ್ಲಿ ನಾನು ಚಿಕ್ಕವನಿದ್ದಾಗ ಕತ್ತಿಯಲ್ಲಿ ಕೆತ್ತಿದ ಗೀಟು. ನಮ್ಮದೇ. ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಯಾವ ಊರಿನದು ಅಂತ ಕೆಲಸದ ಹುಡುಗನನ್ನು ಕೇಳಿದೆ. "ಆಂಟಿಕ್ ಸಾರ್" ಅಂದ.

ಹೊಳೆಯಾಚೆಯವರೇ, ಬೇರೆ ಏನು ಬರೆಯದಿದ್ದರೂ ಊರಿನ ಹೆಸರು ಬರೆಯಿರಿ.

ಓಲೆಗರಿ (ಕೊಪ್ಪ)

ಸಣ್ಣ ಸೇರ್ಪಡೆ. ಹಳೇ ಮನೆ ಬಿಚ್ಚುವಾಗ ಕೊಳಗ ಮಾತ್ರ ಅಲ್ಲ, ಕಾಗದ ಪತ್ರ, ಓಲೆ, ಕಡತ ಸಿಗುತ್ತವೆ. ದಯವಿಟ್ಟು ಅವನ್ನು ಹೊಳೆಗೆ ಬಿಡಬೇಡಿ. ನಮ್ಮ ಕಡೆಯ ಎಷ್ಟೋ ಓಲೆಗಳು ತಿಗಳಾರಿ ಲಿಪಿಯಲ್ಲಿವೆ, ಓದಲು ಬಾರದೆ ಮಂತ್ರ ಇರಬೇಕು ಅಂತ ಪೂಜೆ ಮಾಡಿ ನೀರಿಗೆ ಬಿಟ್ಟವರಿದ್ದಾರೆ. ಕೆಳದಿಯಲ್ಲಿ ಗುಂಡಾ ಜೋಯಿಸರು ಮನೆಮನೆ ತಿರುಗಿ ಇಂಥವನ್ನು ಕೂಡಿಸಿ ಒಂದು ಸಂಗ್ರಹಾಲಯವನ್ನೇ ಕಟ್ಟಿದರು.

ಕಡತ ಅಂದರೆ ಗೊತ್ತಲ್ಲ, ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಚಿ ಮಡಿಚಿ ಪುಸ್ತಕದ ಹಾಗೆ ಮಾಡಿ ಬಳಪದಲ್ಲಿ ಬರೆಯುತ್ತಿದ್ದರು. ಕಚೇರಿಯ ಫೈಲಿಗೆ ಇವತ್ತು ನಾವು ಕಡತ ಅನ್ನುವುದು ಅದರಿಂದಲೇ. ಶೃಂಗೇರಿ ಮಠದ ದಫ್ತರದಲ್ಲಿ 1916ರಲ್ಲಿ ಆರ್. ನರಸಿಂಹಾಚಾರ್ಯರು ಹುಡುಕಿದಾಗ ಟಿಪ್ಪು ಮಠಕ್ಕೆ ಬರೆದ ಕನ್ನಡದ ಕಾಗದಗಳು ಸಿಕ್ಕವು. 1791ರಲ್ಲಿ ಮರಾಠರ ಪಡೆ ಮಠವನ್ನು ಲೂಟಿ ಮಾಡಿದ ಮೇಲಿನ ಪತ್ರವ್ಯವಹಾರ ಅದರಲ್ಲಿದೆ. ಯಾರೋ ಗುಮಾಸ್ತ ಕಟ್ಟಿಟ್ಟ ಕಾಗದ. ನಿಮ್ಮ ಮನೆಯಲ್ಲೂ ಗೇಣಿ ಲೆಕ್ಕದ ಪುಸ್ತಕ ಇದ್ದರೆ ಕೊಳಗದ ಜೊತೆಗೇ ಕೊಡಿ. ಕೊಳಗ ಹೇಳದಿದ್ದದ್ದನ್ನು ಲೆಕ್ಕ ಹೇಳುತ್ತದೆ.

ಹೊಳೆಯಾಚೆ

ಅಳೆದೆವು. ಹೇಗಾಯಿತೋ ಹಾಗೇ ಬರೆಯುತ್ತೇನೆ.

ಪೇಟೆಯಲ್ಲಿ ಹಿಂದೆ ದಿನಸಿ ಅಂಗಡಿ ಇಟ್ಟಿದ್ದ ನೆಂಟರೊಬ್ಬರ ಮನೆಯಿಂದ ಮುದ್ರೆ ಇರುವ ಸೇರು, ಕಾಲು ಸೇರಿನ ಪಾವು ತಂದೆ. ಜಗಲಿಯಲ್ಲಿ ಚಾಪೆ ಹಾಸಿ, ಭತ್ತ ಸುರಿದುಕೊಂಡು ಕುಳಿತೆವು. ಅಪ್ಪಯ್ಯ ಮೊದಲು ಬರಲಿಲ್ಲ. ಒಳಗಿನಿಂದಲೇ, "ತುಂಬಿ ಏರಿಸಬೇಡಿ, ಕೋಲು ಎಳೆದು ಸಮ ಮಾಡಿ" ಅಂದರು. ಆಮೇಲೆ ತಾವೇ ಬಂದು ಕೋಲು ಹಿಡಿದರು.

ಅಜ್ಜಿ ಎಣಿಸಿದಳು. ಲಾಭ. ಎರಡು. ಮೂರು.

ನಮ್ಮ ಸೀಮೆಯಲ್ಲಿ ಕೊಳಗ ಅಂದರೆ ಮೂರು ಸೇರು ಅಂತ ಅಜ್ಜಿಯ ಲೆಕ್ಕ. ಮೂರು ಸೇರು ಹಾಕಿದ ಮೇಲೂ ಭತ್ತ ಬಾಯಿಯ ಪಟ್ಟಿಗಿಂತ ಕೆಳಗೇ ಇತ್ತು. ಅಪ್ಪಯ್ಯ ಪಾವು ಕೊಟ್ಟರು. ಒಂದು ಪಾವು ಹೋಯಿತು. ಇನ್ನೊಂದು ಪಾವು ಹೋಯಿತು. ಆಮೇಲೆ ಕೋಲು ಎಳೆದರೆ ಸರಿಯಾಗಿ ಪಟ್ಟಿಗೆ ಸಮ ಬಂತು. ಮೂರೂವರೆ ಸೇರು.

ಹಳೇ ಮನೆಯವರೇ, ನೀವು ಹೇಳಿದ ಸವೆತದ ಮಾತು ನೆನಪಿತ್ತು. ಟಾರ್ಚ್ ಹಾಕಿ ಒಳಗೆ ನೋಡಿದೆವು. ಬುಡದಲ್ಲಿ ಉಳಿಯ ಗುರುತುಗಳು ಇನ್ನೂ ಹಾಗೇ ಇವೆ. ಸ್ವಲ್ಪ ಸವೆದಿರಬಹುದು. ಎರಡು ಪಾವಿನಷ್ಟು ಸವೆದಿದ್ದರೆ ಆ ಗುರುತು ಉಳಿಯುತ್ತಿರಲಿಲ್ಲ ಅಂತ ಅಪ್ಪಯ್ಯನೇ ಹೇಳಿದರು.

ಆಮೇಲೆ ಅವರು ಲೆಕ್ಕ ಹಾಕಿದರು. ಖಂಡುಗಕ್ಕೆ 20 ಕೊಳಗ. ಕೊಳಗಕ್ಕೆ ಅರ್ಧ ಸೇರು ಹೆಚ್ಚು ಅಂದರೆ ಖಂಡುಗಕ್ಕೆ 10 ಸೇರು. 20 ಖಂಡುಗ ಗೇಣಿ ಕೊಡುವ ಒಕ್ಕಲಿನಿಂದ 200 ಸೇರು ಹೆಚ್ಚು ಬಂತು, ಅಂದರೆ ಮೂರು ಖಂಡುಗಕ್ಕೂ ಮೇಲೆ. ಒಂದು ವರ್ಷಕ್ಕೆ. ಲೆಕ್ಕ ಮುಗಿಸಿ ಅಪ್ಪಯ್ಯ ಬಹಳ ಹೊತ್ತು ಭತ್ತವನ್ನು ಕೈಯಲ್ಲಿ ಆಡಿಸುತ್ತ ಕುಳಿತಿದ್ದರು. "ನಂಗೂ ಗೊತ್ತಿರಲಿಲ್ಲ ಇಷ್ಟು ಅಂತ" ಅಂದರು.

ಇನ್ನೊಂದು ಕೊಳಗ, ಹೊರಗೆ ಹೋಗುವುದು, ಎಲ್ಲಿ ಅಂತ ಚಿಕ್ಕಪ್ಪನ ಮಗನನ್ನು ಕೇಳಿದೆ. ಹಿಸೆಯಾದಾಗ ಅವರ ಪಾಲಿಗೆ ಹೋಗಿತ್ತು. ಹಿಂಡಿ ಅಳೆಯಲು ಕೊಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಬಿರುಕು ಬಿಟ್ಟ ಮೇಲೆ ಬಚ್ಚಲ ಒಲೆಗೆ ಹಾಕಿದರಂತೆ. ಎರಡನ್ನೂ ಪಕ್ಕಪಕ್ಕ ಇಡಬಹುದಿತ್ತು. ಅದಾಗಲಿಲ್ಲ.

ಹಳೇ ಮನೆ

ಬರೆದದ್ದು ಓದಿದೆ. ನಿಮ್ಮ ಅಪ್ಪಯ್ಯನವರಿಗೆ ನನ್ನ ನಮಸ್ಕಾರ ತಿಳಿಸಿ. ನಮ್ಮ ಮನೆಯಲ್ಲೂ ಒಂದು ಇದೆ. ಅಳೆದು ನೋಡುತ್ತೇನೆ. ಅದರಲ್ಲಿ ಮೂರೇ ಸೇರು ಹಿಡಿದರೆ ಅದನ್ನೂ ಇಲ್ಲಿ ಬರೆಯುತ್ತೇನೆ, ಹೆಚ್ಚು ಹಿಡಿದರೂ ಬರೆಯುತ್ತೇನೆ.

ಗದ್ದೆಯಂಚು

ಅವ್ವನಿಗೆ ಹೇಳಿದೆ, ಮೂರೂವರೆ ಅಂತ. ಅವಳು ಭೂಮಿ ಹುಣ್ಣಿಮೆಗೆ ಬುಟ್ಟಿ ಬರೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಅಜ್ಜ ಮೂರೂವರೆ ಅಂತಲೇ ಹೇಳ್ತಿದ್ದ" ಅಂದಳು.

ಬುಟ್ಟಿಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನಮ್ಮವರ ಭೂಮಣ್ಣಿ ಬುಟ್ಟಿಯನ್ನು, ಹಸೆ ಚಿತ್ತಾರವನ್ನು ಈಗ ದೊಡ್ಡ ದೊಡ್ಡ ಊರಿನ ಗ್ಯಾಲರಿಗಳಲ್ಲಿ ಇಡುತ್ತಾರೆ. ಸಂತೋಷ. ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಬರೆದದ್ದು ಅಂತ ವಿವರವನ್ನೂ ಬರೆಯುತ್ತಾರೆ. ಆದರೆ ಗೋಡೆಗೆ ಖಾಲಿ ಬುಟ್ಟಿ ತೂಗುಹಾಕಿದ್ದನ್ನು ನೋಡಿದಾಗ ಅವ್ವ ಕೇಳಿದ್ದು ಒಂದೇ ಮಾತು: "ಚರಗ ಎಲ್ಲಿ?" ಆ ಬುಟ್ಟಿಯಲ್ಲಿ ಅಡಿಗೆ ತುಂಬಿಕೊಂಡು ಬೆಳಗಿನ ಜಾವ ಗದ್ದೆಗೆ ಹೋಗಿ, ಅಚ್ಚಂಬಲಿ ಹಾಲಂಬಲಿ ಅಂತ ಕೂಗುತ್ತ ಬಸುರಿ ಭೂಮಿಗೆ ಬಯಕೆ ಊಟ ಬಡಿಸುವುದೇ ಚರಗ. ಯಾವ ಗದ್ದೆಯ ಭತ್ತ ನಿಮ್ಮ ಕೊಳಗದಲ್ಲಿ ಬಂದು ಬೀಳುತ್ತಿತ್ತೋ, ಆ ಗದ್ದೆಗೇ ನಮ್ಮ ಹೆಂಗಸರು ಈ ಬುಟ್ಟಿಯಲ್ಲಿ ಉಣ್ಣಿಸುತ್ತಿದ್ದರು.

ಕಲ್ಲು ಓದುವವಳು

ಗದ್ದೆಯಂಚು ಅವರೇ, ಈ ಮಾತನ್ನು ನನ್ನ ತರಗತಿಯಲ್ಲಿ ಓದಿಸಲು ಅನುಮತಿ ಕೊಡಿ.

ಹೊಳೆಯಾಚೆ

ಸಂಗ್ರಹಾಲಯದವರು ಬೇರೆ ಹಾಳೆಗೆ ಒಪ್ಪಿದರು. ಅಜ್ಜಿ, ಅಪ್ಪಯ್ಯ, ನಾನು ಮೂವರೂ ಕುಳಿತು ಬರೆದೆವು. ಇಲ್ಲಿ ಹಾಕುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ.

"ಕೊಳಗ. ಹಲಸಿನ ಮರ, ಕಬ್ಬಿಣದ ಪಟ್ಟಿ. ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಗೇಣಿ ಭತ್ತ ಅಳೆಯುತ್ತಿದ್ದುದು. ಮನೆಯವರು ಇದನ್ನು ಒಳಗೆ ಬರೋ ಕೊಳಗ ಅನ್ನುತ್ತಿದ್ದರು. ಮೊದಲ ಅಳತೆಗೆ ಲಾಭ ಅಂತ ಎಣಿಸುತ್ತಿದ್ದರು. ಊರಿನ ರೂಢಿಯ ಕೊಳಗ ಮೂರು ಸೇರು. ಇದನ್ನು ಸಂಗ್ರಹಾಲಯಕ್ಕೆ ಕೊಡುವ ಮೊದಲು ಮುದ್ರೆಯ ಸೇರಿನಿಂದ ಅಳೆದಾಗ ಮೂರೂವರೆ ಸೇರು ಹಿಡಿಯಿತು. ಕೂಲಿ ಮತ್ತು ಸಾಲದ ಭತ್ತ ಕೊಡಲು ಇದಕ್ಕಿಂತ ಸಣ್ಣ ಕೊಳಗ ಬೇರೆ ಇತ್ತು, ಅದು ಉಳಿದಿಲ್ಲ. 1951ರಲ್ಲಿ ಕಾಗೋಡಿನ ರೈತರು ಸತ್ಯಾಗ್ರಹ ಮಾಡಿದ ಕಾರಣಗಳಲ್ಲಿ ಕೊಳಗದ ಅಳತೆಯೂ ಒಂದು. ಇದರಲ್ಲಿ ಅಳೆದ ಭತ್ತ ಬೆಳೆದವರ ಹೆಸರುಗಳು ನಮ್ಮ ಲೆಕ್ಕದ ಪುಸ್ತಕದಲ್ಲಿವೆ, ಪುಸ್ತಕವನ್ನು ಜೊತೆಗೆ ಇಟ್ಟಿದ್ದೇವೆ."

'ಮನೆಯವರು' ಅಂತ ನಾನು ಬರೆದಿದ್ದನ್ನು ಅಜ್ಜಿ ಒಪ್ಪಲಿಲ್ಲ. "ನಾವು ಅಂತ ಬರಿ" ಅಂದಳು. ತಿದ್ದಿ ಕಳಿಸುತ್ತೇನೆ.

ಗದ್ದೆಯಂಚು

ಸರಿಯಾಗಿದೆ. ಒಂದು ಕೇಳುತ್ತೇನೆ. ಅವ್ವನನ್ನು ಕರೆದುಕೊಂಡು ಬರಬೇಕು ಅಂತಿದ್ದೇನೆ. ನೋಡುವುದಲ್ಲ, ಅವಳಿಗೆ ಅದನ್ನು ಒಂದು ಸಲ ಕೈಯಲ್ಲಿ ಹಿಡಿಯಬೇಕಂತೆ.

ಹೊಳೆಯಾಚೆ

ಗಾಜು ಹಾಕುವುದು ಬುಧವಾರ. ಮಂಗಳವಾರವೇ ಬನ್ನಿ. ಅಜ್ಜಿಯೂ ಬರುತ್ತಾಳೆ.